ಹೆಣ ಬಂದಾಗ ಎದ್ದು ನಿಂತವರು

ಜಮಖಂಡಿಯ ಟಾಕೀಸಿನ ಎಡಬಾಗಿಲ ಒಳಗೆ, ಪರದೆ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಶುಕ್ರವಾರ, ಮಧ್ಯಾಹ್ನದ ಆಟ. ಇಂಟರ್‌ವಲ್ ಮುಗಿದು ಹತ್ತು ನಿಮಿಷವಾಗಿತ್ತು. ಅಲ್ಲಿಂದ ಸಿನಿಮಾಕ್ಕಿಂತ ಜನರ ಮುಖವೇ ಚೆನ್ನಾಗಿ ಕಾಣುತ್ತಿತ್ತು. ನನ್ನನ್ನು ಅಲ್ಲಿ ನಿಲ್ಲಿಸಿದ್ದೂ ಅದಕ್ಕೇ.

ನಿಲ್ಲಿಸಿದವನು ನನ್ನ ಗೆಳೆಯ. ಬನಹಟ್ಟಿಯ ಒಂದೇ ಶೆಡ್ಡಿನಲ್ಲಿ ಇಬ್ಬರೂ ಪವರ್‌ಲೂಮ್ ನಡೆಸುತ್ತೇವೆ. ನಾಟಕಗಳಲ್ಲಿ ಜೋಡಿಯಾಗಿ ಪಾರ್ಟು ಮಾಡಿದವರು. ಸಾವಿನ ಮನೆಯನ್ನಿಟ್ಟುಕೊಂಡು ನಗಿಸುವ ಸಿನಿಮಾ ಒಂದಕ್ಕೆ ಹೆಣವಾಗಿ ಕೂರುವವನು ಬೇಕೆಂದಾಗ ಇಬ್ಬರೂ ಹೋಗಿದ್ದೆವು. ಕುರ್ಚಿಯಲ್ಲಿ ಕೂರಿಸಿ, ಅಲುಗಾಡಬೇಡಿ ಎಂದರು. ನನ್ನ ರೆಪ್ಪೆ ಅದುರಿತು. ಅವನದು ಅದುರಲಿಲ್ಲ. ಒಂದು ಮಾತೂ ಇಲ್ಲದ ಆ ಪಾತ್ರಕ್ಕಾಗಿ ತಿಂಗಳುಗಟ್ಟಲೆ ನನ್ನ ಹೊಟ್ಟೆ ಉರಿಯಿತು.

ಅವತ್ತು ಟಾಕೀಸಿನಲ್ಲಿ ಓಡುತ್ತಿದ್ದದ್ದು ಅದೇ ಸಿನಿಮಾ. ಇನ್ನೊಂದು ಸಿನಿಮಾಕ್ಕೂ ಅವನನ್ನು ಕರೆದಿದ್ದರು. ನಮ್ಮ ಕಡೆಯ ಜನ ತನ್ನ ಸೀನಿಗೆ ಏನು ಮಾಡುತ್ತಾರೆ ಎಂಬುದನ್ನು ತಿಳಿದೇ ಒಪ್ಪುತ್ತೇನೆ ಅಂದಿದ್ದ. ಒಳಗೆ ಬರಲು ಧೈರ್ಯವಾಗದೆ ಹೊರಗೆ ಗಾಡಿಗಳ ನಡುವೆ ಕೂತಿದ್ದ.

ಸೀನು ಬಂತು. ವಿಭೂತಿ ಬಳಿದು, ಹಾರ ಹಾಕಿ, ನಮ್ಮಲ್ಲಿ ಮಾಡುವಂತೆಯೇ ವಿಮಾನದಲ್ಲಿ, ಅಂದರೆ ಹೆಣ ಕೂರಿಸುವ ಚಟ್ಟದಲ್ಲಿ, ಕೂರಿಸಿದ ಅವನನ್ನು ಸಿನಿಮಾದ ಮಕ್ಕಳು ಹೊತ್ತು ತಂದು, ಹೋಟೆಲಿನ ಮುಂದೆ ಇಳಿಸಿ, ಚಹಾ ಕುಡಿಯಲು ಹೋಗುತ್ತಾರೆ. ಹೋಟೆಲಿನವನು ಹೆಣದ ಮುಂದೂ ಒಂದು ಕಪ್ ಚಹಾ ಇಡುತ್ತಾನೆ. ನಗಬೇಕಾದದ್ದು ಅಲ್ಲಿ.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಚಪ್ಪಲಿ ಬಿಟ್ಟು, ಎದ್ದು ಕೈಮುಗಿದಳು. ಆಮೇಲೆ ಅವಳ ಪಕ್ಕದವರು. ಆಮೇಲೆ ಹಿಂದಿನ ಎರಡು ಸಾಲು. ವಿಮಾನ ಮತ್ತೆ ಎದ್ದು ಪರದೆ ದಾಟುವವರೆಗೆ ಅವರು ಕೂರಲಿಲ್ಲ. ಅಷ್ಟು ವರ್ಷ ರಾಜನ ಪಾರ್ಟು ಮಾಡಿದವನು ನಾನು. ನನಗೆ ಒಬ್ಬರೂ ಎದ್ದು ನಿಂತಿರಲಿಲ್ಲ.

ಹೊರಗೆ ಬಂದೆ.

“ನಕ್ಕರೇನ್ಲೇ?” ಅಂದ.

“ಇಲ್ಲಲೇ. ಒಬ್ರೂ ನಗಲಿಲ್ಲ.”

“ಮತ್ತೇನ್ ಮಾಡಿದ್ರು?”

“ಏನಿಲ್ಲ. ಸುಮ್ನ ಕುಂತಿದ್ರು.”

ಅವನು ಗಾಡಿಗೆ ಕೀಲಿ ಹಾಕಿದ. “ಹಂಗಾರ ಆ ಸಿನಿಮಾ ಬ್ಯಾಡ ಬಿಡು,” ಅಂದ.

ಆ ಸಿನಿಮಾ ಯಾರನ್ನೂ ನಗಿಸಲಿಲ್ಲ ಎಂದು ಪೇಪರಿನವರೂ ಬರೆದರು. ಮರುವಾರವೇ ಪೋಸ್ಟರ್ ಬದಲಾಯಿತು. ನನಗೆ ಹಗುರವೆನಿಸಿತ್ತು, ಅದನ್ನೂ ಇಲ್ಲಿ ಬರೆಯಬೇಕು. ಅವನು ಇವತ್ತಿಗೂ ನನ್ನ ಪಕ್ಕದ ಮಗ್ಗದಲ್ಲೇ ಇದ್ದಾನೆ. ಪಾರ್ಟು ಬಿಟ್ಟಿದ್ದಾನೆ.

ಅವತ್ತು ಜನ ಎದ್ದು ನಿಂತದ್ದನ್ನು ಕಂಡವರಲ್ಲಿ ಬ್ಯಾಟರಿ ಹಿಡಿದು ನಿಂತಿದ್ದ ಗೇಟಿನವನು ಇದ್ದಾನೆ. ಈಗ ಮುಧೋಳದಲ್ಲಿ ಪಾನ್ ಅಂಗಡಿ ಇಟ್ಟಿದ್ದಾನೆ. ಆ ಮುದುಕಿಯೂ ಇದ್ದಾಳೆ, ಹುನ್ನೂರಿನವಳು. ಬನಹಟ್ಟಿ ಸಂತೆಗೆ ಬೆಣ್ಣೆ ತರುತ್ತಾಳೆ. ಅವನ ಹೆಂಡತಿ ಬೆಣ್ಣೆ ಕೊಳ್ಳುವುದು ಅವಳ ಹತ್ತಿರವೇ.