ಸಹೋದರ ಚೌರಪ್ಪನ ಮೂರು ಗೈರುಹಾಜರಿ

ನಜರ್‌ಬಾದಿನ ನಮ್ಮ ಚರ್ಚಿನ ಹಿಂದಿರುವ ಸಭಾಂಗಣದಲ್ಲಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಸಂತ ಮಾರ್ಟಿನರ ಸಹೋದರ ಸೇವಾ ಸಂಘ ಸೇರುತ್ತದೆ. ರೋಗಿಗಳ ಆರೈಕೆ ಮಾಡುವುದು, ದಿಕ್ಕಿಲ್ಲದವರ ಶವಕ್ಕೆ ಹೆಗಲು ಕೊಡುವುದು, ವಿಧವೆಯರಿಗೆ ನೆರವಾಗುವುದು ಸಂಘದ ಉದ್ದೇಶ. ಜಾತಿಮತ ನೋಡದೆ ಮಾಡಬೇಕು ಅಂತಲೂ ನಿಯಮಾವಳಿಯಲ್ಲಿದೆ. ಸದಸ್ಯರನ್ನು ಸೇರಿಸಿಕೊಳ್ಳುವಾಗ ಮಾತ್ರ ಬಹಳ ನೋಡುತ್ತೇವೆ. ಹದಿನೆಂಟು ತುಂಬಿದ ಕಥೋಲಿಕ ಗಂಡಸಾಗಿರಬೇಕು, ಭಾನುವಾರದ ಪೂಜೆ ತಪ್ಪಿಸಬಾರದು, ಫಾದರ್ ಪತ್ರ ಬೇಕು, ಇಬ್ಬರು ಹಳೆಯ ಸದಸ್ಯರ ಶಿಫಾರಸು ಬೇಕು. ಹನ್ನೊಂದು ವರ್ಷದಿಂದ ನಾನು ಇದರ ಕಾರ್ಯದರ್ಶಿ. ನಾವು ಮೂವತ್ತನಾಲ್ಕು ಜನ ಒಬ್ಬರನ್ನೊಬ್ಬರು ಸಹೋದರ ಅಂತಲೇ ಕರೆಯುತ್ತೇವೆ, ಚುನಾವಣೆ ಇಲ್ಲದ ತಿಂಗಳುಗಳಲ್ಲಿ.

ಸಂತ ಮಾರ್ಟಿನರು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತಮ್ಮ ಮೇಲಂಗಿಯನ್ನು ಅರ್ಧ ಕತ್ತರಿಸಿ ಕೊಟ್ಟರಂತೆ. ಅದರ ನೆನಪಿಗಾಗಿ ನಾವೆಲ್ಲ ಒಂದೊಂದು ಇಡೀ ಮೇಲಂಗಿ ಹೊಲಿಸಿಕೊಂಡಿದ್ದೇವೆ. ಕೆಂಪು ಮಖಮಲ್ಲಿನದು.

ಚೌರಪ್ಪನ ಹತ್ತಿರ ಅದಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ವಾರ್ಡ್ ಬಾಯ್ ಆಗಿ ಸೇರಿ, ಮೂವತ್ತಮೂರು ವರ್ಷ ದುಡಿದು, ಅರವತ್ತನೇ ವಯಸ್ಸಿನಲ್ಲಿ ಬಾಯ್ ಆಗಿಯೇ ನಿವೃತ್ತನಾದ ಮನುಷ್ಯ ಅವನು. ಹೆಂಡತಿ ಲೂರ್ದಮ್ಮ ಕಾನ್ವೆಂಟ್ ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಾಳೆ. ಹಾಸಿಗೆ ಹಿಡಿದವರನ್ನು ನೋಯಿಸದೆ ಎತ್ತುವುದು, ಮಲಗಿದವರಿಗೆ ಮಲಗಿದಲ್ಲೇ ಸ್ನಾನ ಮಾಡಿಸುವುದು ಚೌರಪ್ಪನಿಗೆ ಚೆನ್ನಾಗಿ ಬರುತ್ತಿತ್ತು. ನಿವೃತ್ತಿಯಾದ ಮೇಲೂ ನಜರ್‌ಬಾದಿನಲ್ಲಿ ಯಾರು ಬಿದ್ದರೂ ಮೊದಲ ಫೋನು ಅವನಿಗೇ.

ಅಂಥವನಿಗೆ ನಮ್ಮ ಸಂಘ ಸೇರುವ ಆಸೆ ಯಾಕೆ ಬಂತೋ! ಒಮ್ಮೆ ಕೇಳಿದ್ದೆ. ಅವನ ಅಪ್ಪ ಸತ್ತಾಗ ಹೆಗಲು ಕೊಡಲು ಜನ ಸಾಲದೆ, ಯಾವುದೋ ಇಂಥ ಸಂಘದ ನಾಲ್ವರು ಬಂದು ಹೊತ್ತಿದ್ದರಂತೆ. "ಅವರ ಹೆಸರೂ ಗೊತ್ತಿಲ್ಲ ಸಾರ್. ನಾನೂ ಅಂಥೋರ ಜೊತೆ ಇರಬೇಕು ಅನ್ನಿಸ್ತು," ಅಂದ. ನಮ್ಮ ಜೊತೆ ಇದ್ದರೆ ಅಂಥವರ ಜೊತೆ ಇದ್ದಂತಾಗುತ್ತದೆ ಅಂತ ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಮೂರು ಸಲ ಅರ್ಜಿ ಹಾಕಿದ. ಮೊದಲ ಸಲ ಫಾರಂ ಮುಗಿದಿತ್ತು. ಎರಡನೇ ಸಲ ಶಿಫಾರಸಿಗೆ ಯಾರೂ ಸಿಗಲಿಲ್ಲ. ಮೂರನೇ ಸಲ ಅಧ್ಯಕ್ಷ ಜ್ಞಾನಪ್ರಕಾಶ್ ಅವರು, "ಒಳ್ಳೆಯವನೇ ಕಣ್ರೀ, ಆದ್ರೆ ನಮ್ಮಲ್ಲಿ ಎಲ್ಲ ಆಫೀಸರ್‌ಗಳು, ಅವನಿಗೇ ಮುಜುಗರ ಆಗುತ್ತೆ," ಅಂತ ಅವನ ಪರವಾಗಿ ಬಹಳ ಮರುಗಿದರು. ನಾನು ಅದನ್ನು ನಡಾವಳಿಯಲ್ಲಿ ಬರೆದುಕೊಂಡೆ.

ಹೋದ ವರ್ಷ ಸಂಘಕ್ಕೆ ಇಪ್ಪತ್ತೈದು ತುಂಬಿತು. ಒಂದು ವರ್ಷದಲ್ಲಿ ಎಷ್ಟು ರೋಗಿಗಳ ಸೇವೆ ಮಾಡಿದ್ದೀರಿ, ವಿವರ ಕಳಿಸಿ ಅಂತ ರಾಜ್ಯ ಸಮಿತಿಯಿಂದ ಪತ್ರ ಬಂತು. ಭೇಟಿ ಪುಸ್ತಕ ತೆಗೆದು ನೋಡಿದರೆ, ಮೊದಲ ಪುಟದಲ್ಲಿ ಫಾದರ್ ಬರೆದ ಆಶೀರ್ವಾದ, ಉಳಿದದ್ದು ಖಾಲಿ.

ಅಧ್ಯಕ್ಷರು ಐದು ನಿಮಿಷ ಕಣ್ಣು ಮುಚ್ಚಿ ಕೂತರು. ಪ್ರಾರ್ಥನೆ ಮಾಡ್ತಿದ್ದಾರೆ ಅಂದುಕೊಂಡೆ.

"ಆ ಚೌರಪ್ಪನ್ನ ಸೇರಿಸ್ಕೊಂಡ್ಬುಡಿ," ಅಂದರು. "ಅವನು ಮಾಡಿದ್ದೆಲ್ಲ ನಮ್ಮದೇ ಆಗುತ್ತಲ್ಲ."

ಒಂದು ವಾರದಲ್ಲಿ ಫಾರಂ ಸಿಕ್ಕಿತು, ಶಿಫಾರಸಿಗೆ ನಾನು ತಾನು ಅಂತ ಪೈಪೋಟಿಯಾಯಿತು. ಮೇಲಂಗಿ ಹಾಕಿಸಿಕೊಳ್ಳಲು ಚೌರಪ್ಪ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದ. ಲೂರ್ದಮ್ಮ ಹಿಂದಿನ ಬೆಂಚಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾರನೆಯ ದಿನ ಅವನ ಪಕ್ಕ ಕೂತು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡೆ. ನಾನೂರ ಹನ್ನೆರಡು ಭೇಟಿಯಾಯಿತು. ರಾಜ್ಯ ಸಮಿತಿ ನಮಗೆ ಒಂದು ಶೀಲ್ಡ್ ಕೊಟ್ಟಿತು. ಅದನ್ನು ತೆಗೆದುಕೊಳ್ಳಲು ಅಧ್ಯಕ್ಷರು ಸಕುಟುಂಬವಾಗಿ ಹೋಗಿಬಂದರು.

ಆಮೇಲೆ ಚೌರಪ್ಪ ಸಭೆಗೇ ಬರಲಿಲ್ಲ.

ಕಾರಣ ಹುಚ್ಚಣ್ಣ. ಟಾಂಗಾ ಓಡಿಸುತ್ತಿದ್ದ ಹುಚ್ಚಣ್ಣನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಗಳು ಭಾಗ್ಯಮ್ಮ ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಮದುವೆಗಳೆಲ್ಲ ಭಾನುವಾರವೇ ಆಗುವುದರಿಂದ ಅವತ್ತು ಬೆಳಗಿನ ಜಾವವೇ ಹೋಗಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಚ್ಚಣ್ಣನ ಬೆನ್ನು ಹುಣ್ಣಾಗುತ್ತಿತ್ತು. ಚೌರಪ್ಪ ಭಾನುವಾರದ ಮೊದಲ ಪೂಜೆ ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದ.

ಆದರೆ ನಿಯಮಾವಳಿ ನಿಯಮಾವಳಿಯೇ. ಸತತ ಮೂರು ಸಭೆಗೆ ಲಿಖಿತ ಕಾರಣವಿಲ್ಲದೆ ಗೈರಾದವರ ಸದಸ್ಯತ್ವ ರದ್ದು. ಮೂರನೇ ಸಭೆಯ ವಿಷಯ ‘ರೋಗಿಗಳ ಸೇವೆಯನ್ನು ಹೆಚ್ಚಿಸುವ ಬಗೆ’ ಎಂದಿತ್ತು. ಅದನ್ನು ಒಂದೂವರೆ ಗಂಟೆ ಚರ್ಚಿಸಿ, ಉಪಸಮಿತಿ ನೇಮಿಸಿ, ಕೇಸರಿಬಾತ್ ತಿಂದು, ಕೊನೆಗೆ ಚೌರಪ್ಪನನ್ನು ತೆಗೆದುಹಾಕಿದೆವು. ಶೀಲ್ಡ್ ಹೇಗೂ ಬಂದಾಗಿತ್ತು. ನಾನೂ ಕೈ ಎತ್ತಿದೆ.

ಪತ್ರ ಕೊಡಲು ಹೋದಾಗ ಚೌರಪ್ಪ ಹುಚ್ಚಣ್ಣನ ಬೆನ್ನು ಒರೆಸುತ್ತಿದ್ದ. "ಒಳ್ಳೇ ಟೈಮಿಗೆ ಬಂದ್ರಿ ಸಾರ್, ಈ ಕಾಲು ಸ್ವಲ್ಪ ಹಿಡ್ಕೊಳಿ," ಅಂದ. ಹಿಡಿದುಕೊಂಡೆ. ಹನ್ನೊಂದು ವರ್ಷದ ಕಾರ್ಯದರ್ಶಿತನದಲ್ಲಿ ನಾನು ಮುಟ್ಟಿದ ಮೊದಲ ರೋಗಿ ಅವನು. ಕಾಲು ಅಷ್ಟು ಭಾರವಿರುತ್ತದೆ ಅಂತ ಗೊತ್ತಿರಲಿಲ್ಲ.

ಕೈ ತೊಳೆದು ಬಂದು ಚೌರಪ್ಪ ಪತ್ರವನ್ನು ಎರಡು ಸಲ ಓದಿದ. ಮುಖ ಇಳಿದುಹೋಯಿತು.

"ಏನಂತೆ ಕಾಗ್ದ?" ಹುಚ್ಚಣ್ಣ ತೊದಲಿದ.

"ಸಂಘದಿಂದ ತೆಗೆದವ್ರಂತೆ ಕಣಣ್ಣ."

"ಯಾಕೆ?"

"ಮೀಟಿಂಗಿಗೆ ಹೋಗಿಲ್ಲ ಅಂತ."

"ಮೀಟಿಂಗ್‌ನಲ್ಲಿ ಏನ್ಮಾಡ್ತಾರೆ?"

ಚೌರಪ್ಪ ನನ್ನ ಮುಖ ನೋಡಿದ. ನಾನು ಹುಚ್ಚಣ್ಣನ ಕಾಲು ನೋಡಿದೆ. "ನಾನು ಒಂದು ಚೀಟಿ ಬರೆದು ಕಳಿಸ್ಬೇಕಿತ್ತು, ತಪ್ಪು ನಂದೇ," ಅಂತ ಚೌರಪ್ಪನೇ ಮಾತು ಮುಗಿಸಿದ. ಆದರೆ ಬೆನ್ನಿಗೆ ಪೌಡರ್ ಹಾಕುವಾಗ ಅವನ ಕಣ್ಣು ಒದ್ದೆಯಾಗಿತ್ತು. ಮಾರನೆಯ ದಿನ ಮೇಲಂಗಿಯನ್ನು ಇಸ್ತ್ರಿ ಮಾಡಿಸಿ ತಂದುಕೊಟ್ಟ.

ಮಳೆಗಾಲದಲ್ಲಿ ಅಧ್ಯಕ್ಷರ ಮಾವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಸಹೋದರರೆಲ್ಲ ಹಣ್ಣಿನ ಬುಟ್ಟಿ ಹಿಡಿದು ಹೋಗಿ, ಮಂಚದ ಸುತ್ತ ನಿಂತು ಫೋಟೊ ತೆಗೆಸಿಕೊಂಡು, ಬೇಗ ಗುಣವಾಗಲಿ ಅಂತ ಹಾರೈಸಿ ಬಂದೆವು. ಹೊಲಸಾದ ಬಟ್ಟೆ ಬದಲಿಸುವವರು ಯಾರು ಅನ್ನುವುದನ್ನು ಯಾರೂ ಹಾರೈಸಿರಲಿಲ್ಲ. ಮೂರನೇ ದಿನ, ಶನಿವಾರ ಸಂಜೆ, ಅಧ್ಯಕ್ಷರೇ ಚೌರಪ್ಪನ ಮನೆಗೆ ಹೋದರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು.

"ಬರ್ತೀನಿ ಸಾರ್, ಅದಕ್ಕೇನಂತೆ," ಅಂದ ಚೌರಪ್ಪ, ಇನ್ನೂ ವಿಷಯ ಪೂರ್ತಿ ಹೇಳುವ ಮೊದಲೇ.

ಅಧ್ಯಕ್ಷರು ಅವನ ಕೈ ಹಿಡಿದುಕೊಂಡರು. "ನಿಮ್ಮ ಸದಸ್ಯತ್ವ ನಾನು ವಾಪಸ್ ಕೊಡಿಸ್ತೀನಿ. ಅರ್ಜಿ, ಗಿರ್ಜಿ ಏನೂ ಬೇಡ."

ಲೂರ್ದಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಚೌರಪ್ಪ ಎದ್ದು ಲೋಟ ಇಸಿದುಕೊಂಡು ನಮ್ಮ ಮುಂದಿಟ್ಟ. ಆಸೆ ಇನ್ನೂ ಇತ್ತು, ಮುಖದಲ್ಲಿ ಕಾಣುತ್ತಿತ್ತು.

"ಬೇಡ ಬುಡಿ ಸಾರ್," ಅಂದ. "ಭಾನುವಾರ ಪುರುಸೊತ್ತಾಗಲ್ಲ. ನಿಮ್ಮ ಮಾವನೋರಿಗೆ ಸೋಮವಾರದಿಂದ ಬರ್ಲಾ?"