ಮುನಿಕೆಂಪಮ್ಮನ ಪರವಾಗಿ ಕೊಟ್ಟ ಉತ್ತರ

ಯಲಹಂಕದಲ್ಲಿ ಬೀದಿ ಗುಡಿಸುವ ಮುನಿಕೆಂಪಮ್ಮನಿಗೆ ನೋವು ತಗ್ಗಿಸುವ ಇಂಜೆಕ್ಷನ್ ಒಂದು ಬೇಕಾದ ಹೊತ್ತಿಗೆ ಸಿಗಲಿಲ್ಲ. ಅದನ್ನು ತಪ್ಪಿಸಿದವಳು ಅವಳ ಜೀವದ ಗೆಳತಿ ಅಕ್ಕಯ್ಯಮ್ಮ.

ಕೆಲಸ ಕಾಯಂ ಮಾಡಿ ಎಂದು ಧರಣಿ ಕೂತಾಗ ಪೊಲೀಸರು ಲಾಠಿ ಬೀಸಿದ್ದರು; ಇಬ್ಬರೂ ಒಂದೇ ವ್ಯಾನಿನಲ್ಲಿ ಹೋದವರು. ಮಾತಿಗೆ ಅಕ್ಕಯ್ಯಮ್ಮ, ಏಟಿಗೆ ಮುನಿಕೆಂಪಮ್ಮ ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಎಲ್ಲರ ಪರವಾಗಿ ಮಾತಾಡುವುದು ಅಕ್ಕಯ್ಯಮ್ಮನಿಗೆ ಎಷ್ಟು ರೂಢಿಯೆಂದರೆ, ಟೀ ಅಂಗಡಿಯವನು ಸಕ್ಕರೆ ಎಷ್ಟು ಎಂದು ಯಾರನ್ನು ಕೇಳಿದರೂ ಅವಳೇ ಹೇಳುತ್ತಿದ್ದಳು.

ಮುನಿಕೆಂಪಮ್ಮನ ಗರ್ಭಕೋಶದಲ್ಲಿ ಗೆಡ್ಡೆ ಬೆಳೆದು ಹೊಟ್ಟೆ ಕೊಯ್ಯಬೇಕಾಯಿತು. ಲಾಠಿಗೆ ಬಗ್ಗದವಳು ಕತ್ತಿಗೆ ನಡುಗಿದಳು. ಅರಿವಳಿಕೆ ಡಾಕ್ಟರು ಬಿಡಿಸಿ ಹೇಳಿದರು: "ಬೆನ್ನಿಗೆ ಸೂಜಿ ಹಾಕ್ತೀವಿ, ಹೊಟ್ಟೆಯಿಂದ ಕೆಳಗೆ ಜೋಮು ಹಿಡಿಯುತ್ತೆ. ಮಂಪರು ಬರೋ ಔಷಧೀನೂ ಕೊಡ್ತೀವಿ. ಜೋಮು ಬಿಟ್ಮೇಲೆ ನೋವು ಶುರುವಾಗುತ್ತೆ. ಸಿಸ್ಟರ್ ಕೇಳ್ತಾರೆ, ಹೂಂ ಅನ್ನಿ. ಸಹಿಸ್ಕೋಬೇಡಿ." ಆ ಮಾತು ನಂಬಿ ಒಳಗೆ ಹೋದಳು.

ಕೊಯ್ದದ್ದು ಗೊತ್ತೇ ಆಗಲಿಲ್ಲ. ವಾರ್ಡಿಗೆ ತಂದಾಗ ಮಂಪರು ಪೂರ್ತಿ ಇಳಿದಿರಲಿಲ್ಲ. ಕಿವಿ ಕೇಳುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಹೊಲಿಗೆ ಆಗಲೇ ಉರಿಯತೊಡಗಿತ್ತು. ನರ್ಸ್ ಬಂದು, "ಅಮ್ಮ, ನೋವಿದೆಯಾ? ಇಂಜೆಕ್ಷನ್ ಹಾಕ್ಲಾ?" ಎಂದಳು.

"ಇವಳ್ಗಾ?" ಹಾಸಿಗೆಯ ಪಕ್ಕ ಕೂತಿದ್ದ ಅಕ್ಕಯ್ಯಮ್ಮ ನಕ್ಕಳು. "ಲಾಠಿ ಏಟು ತಿಂದು ಒಂದ್ ತೊಟ್ಟು ಕಣ್ಣೀರು ಆಕ್ದೋಳಲ್ಲ ಕಣಮ್ಮ. ಬ್ಯಾಡ, ಓಗು."

ನರ್ಸ್ ಹೋದಳು. ಮುನಿಕೆಂಪಮ್ಮ ಕಷ್ಟಪಟ್ಟು ಬೆರಳೆತ್ತಿದಳು. ಅಕ್ಕಯ್ಯಮ್ಮ ಆ ಬೆರಳು ಹಿಡಿದು ಪ್ರೀತಿಯಿಂದ ಸವರಿದಳು.

ಮಾತು ಬರುವಷ್ಟರಲ್ಲಿ ಹೊಟ್ಟೆಗೆ ಬೆಂಕಿ ಬಿದ್ದಂತಾಗಿತ್ತು. ಕಿರುಚಾಟ ಕೇಳಿ ಓಡಿ ಬಂದ ನರ್ಸ್ ಸೂಜಿ ಹಾಕುತ್ತ, "ನಿಮ್ಮೋರೇ ಬೇಡ ಅಂದ್ರಲ್ಲಮ್ಮಾ" ಎಂದು ಗೊಣಗಿದಳು.

ನೋವು ತಗ್ಗಿದ ಮೇಲೆ ಮುನಿಕೆಂಪಮ್ಮ ಕೇಳಿದಳು. "ಯಾಕೇ ಅಂಗಂದೆ?"

"ನಿನ್ ಮರ್ಯಾದೆ ಉಳಿಸ್ದೆ ಕಣೇ."

"ಥೂ, ಕೊಯ್ಸ್ಕೊಂಡೋಳು ನಾನು, ಮರ್ಯಾದೆ ನಿಂದಾ? ಲಾಠಿ ಬಿದ್ದ ದಿನಾನೂ ಅತ್ತಿದ್ದೆ, ಕಕ್ಕಸ್ಸಿಗೆ ಓಗಿ. ನೀನು ಯಾವತ್ತಾದ್ರೂ ಕೇಳಿದ್ಯಾ?"

ಆಮೇಲೆ ಕೆಲಸಗಾರರ ಸಭೆಯೊಂದರಲ್ಲಿ ಅಕ್ಕಯ್ಯಮ್ಮ, "ನಮ್ ಮುನಿಕೆಂಪಮ್ಮನೂ ಒಪ್ತಾಳೆ" ಎಂದಾಗ ಮುನಿಕೆಂಪಮ್ಮ ಎದ್ದು ಹೊರಗೆ ನಡೆದಳು. ಇವತ್ತಿಗೂ ಇಬ್ಬರಿಗೂ ಮಾತಿಲ್ಲ.

ನಾಳೆ ನೀವೂ ಯಾರದೋ ಹಾಸಿಗೆಯ ಪಕ್ಕ ಕೂತಿರುತ್ತೀರಿ. ನೋವಿದೆಯಾ ಎಂದು ನರ್ಸ್ ಕೇಳಿದಾಗ ನಿಮ್ಮ ಬಾಯಿ ಮುಚ್ಚಿಕೊಂಡಿರಿ. ಮಲಗಿದವರು ಹೇಳಲಿ. ಅವರಿಗೆ ಮಾತು ಹೊರಡದಿದ್ದರೆ, ಮತ್ತೆ ಬಂದು ಕೇಳಿ ಎಂದು ನರ್ಸನ್ನು ಬಿಡದೆ ಕಾಡಿರಿ.