ಮಾರ್ಚ್‌ಪಾಸ್ಟಿನ ಬಲಗಾಲು

ಇವತ್ತಿನಿಂದ ನಾನು ಪಿ.ಟಿ. ಮೇಷ್ಟ್ರಲ್ಲ ಅಂದುಕೊಳ್ಳಿ, ಗೆಳೆಯರೇ.

ಅಂಬ್ಲಿಗೊಳದ ಹತ್ತಿರ ಬೈಕಿನಿಂದ ಬಿದ್ದು ಬಲಗಾಲು ಮುರಿದು ಆರು ತಿಂಗಳಾಯಿತು. ಒಳಗೆ ರಾಡ್ ಇದೆ. ನಿನ್ನೆ ಶಿಕಾರಿಪುರದಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಚೆನ್ನಾಗಿ ಕೂಡೈತ್ರೀ ಮೇಷ್ಟ್ರೇ, ಆರಾಮಾಗಿ ಓಡಾಡ್ರಿ" ಅಂದರು. ಹೆಂಡತಿಯೂ, "ಕುಂಟೋದು ಗೊತ್ತೇ ಆಗಲ್ಲ" ಅಂದಳು. ನಂಬಿದೆ.

ಇವತ್ತು ಜಡೆ ಹತ್ತಿರದ ನಮ್ಮ ಶಾಲೆಗೆ ಮರಳಿದೆ. ಈ ವರ್ಷ ಸೇರಿದ ಒಂದನೇ ಕ್ಲಾಸಿನವರು ನನ್ನನ್ನು ನೋಡಿದ್ದೇ ಇವತ್ತು. ಅವರಿಗೆ ಮಾರ್ಚ್‌ಪಾಸ್ಟ್ ನಡೆದು ತೋರಿಸಿ ಸೀಟಿ ಊದಿದೆ. ಇಪ್ಪತ್ತೆರಡು ಮಕ್ಕಳೂ ಎಡಗಾಲನ್ನು ನೆಟ್ಟಗೆ ಊರಿ, ಬಲಗಾಲನ್ನು ಎಳೆಯುತ್ತ ಸಾಲಾಗಿ ಬಂದರು.

"ಏಯ್, ಅಣಕ ಮಾಡ್ತೀರೇನ್ರೋ?" ಎಂದು ರೇಗಿದೆ.

ಮುಂದಿದ್ದ ಹುಡುಗಿಯ ಕಣ್ಣು ತುಂಬಿತು. "ನೀವ್ ತೋರ್ಸಿದ್ ಹಂಗೇ ಮಾಡಿದ್ವಲ್ಲ ಸಾರ್!"

ಸರಿಯಾಗಿ ತೋರಿಸೋಣವೆಂದು ಹಲ್ಲು ಕಚ್ಚಿ ಮತ್ತೊಮ್ಮೆ ನಡೆದೆ. ಕಾಲು ಮಾತು ಕೇಳಲಿಲ್ಲ. ಸೀಟಿ ಜೇಬಿಗೆ ಹಾಕಿ ಧ್ವಜದ ಕಟ್ಟೆಯ ಮೇಲೆ ಕೂತೆ.

ಹದಿನೆಂಟು ವರ್ಷದ ಸರ್ವೀಸಿನಲ್ಲಿ, ಒಂದು ಮಗುವೂ ಹೆಜ್ಜೆ ತಪ್ಪದ ಮಾರ್ಚ್‌ಪಾಸ್ಟ್ ನೋಡಿದ್ದು ಇದೇ ಮೊದಲು.